ನಡುಗುವುದನ್ನು ಕಲಿಸಿದ ಸಾಹೇಬರು

ಅಂಜಿದವರ ಬೆನ್ನಿಗೆ ನಿಲ್ಲುವ ತಾಯಿ ಬನಶಂಕರಿಗೆ ಮೊದಲು ಕೈಮುಗಿಯುತ್ತೇನೆ.

ಗದುಗಿನ ಒಂದು ಮೊಬೈಲ್ ಅಂಗಡಿಯಲ್ಲಿ ಶಿವಗಂಗವ್ವ ಕಸ ಗುಡಿಸುತ್ತಿದ್ದಳು. ವಯಸ್ಸು ಅರವತ್ತರ ಮೇಲೆ. ಸೋಮವಾರದ ಭಜನೆಯನ್ನು ತನ್ನ ಫೋನಿನಲ್ಲಿ ವಿಡಿಯೋ ಹಿಡಿದು ಊರಿಗೆಲ್ಲ ಕಳಿಸುವವಳು.

ಒಂದು ದಿನ ಮ್ಯಾನೇಜರ್ ಚಂದರಗಿ ಸಾಹೇಬರು ಅವಳನ್ನು ಕರೆದರು. "ಹಿರಿಯರ ಫೋನಿಗೆ ಜಾಹೀರಾತು ಮಾಡಬೇಕು. ನೀ ಫೋನ್ ಉಲ್ಟಾ ಹಿಡಿದು ಗಡಗಡ ನಡುಗಬೇಕು. ಮುದುಕರಿಗೆ ಏನೂ ತಿಳಿಯಂಗಿಲ್ಲ ಅಂತ ಜನ ನಗಬೇಕು. ಒಲ್ಲೆ ಅಂದ್ರ ನಾಳೆಯಿಂದ ಬರಬ್ಯಾಡ."

ಅವಳಿಗೆ ಅಂಜಿಕೆಯಾಯಿತು. ಕೆಲಸ ಹೋದರೆ ಒಲೆ ಆರುತ್ತದೆ. ಒಪ್ಪಿದರೆ ಭಜನೆಯವರ ಮುಂದೆ ತಲೆ ಎತ್ತುವಂತಿಲ್ಲ. ತಾಯಿ ಬನಶಂಕರಿಯನ್ನು ನೆನೆದಳು.

"ಆಗ್ಲಿ ಯಪ್ಪಾ. ಆದ್ರ ಹೆಂಗ ಮಾಡಬೇಕಂತ ಗೊತ್ತಿಲ್ಲ. ನೀವ ಒಮ್ಮೆ ಮಾಡಿ ತೋರಸ್ರಿ, ನೋಡಿ ಕಲೀತೀನಿ."

ಸಾಹೇಬರಿಗೆ ಹುರುಪು ಬಂತು. ಬೆನ್ನು ಬಾಗಿಸಿದರು. ಫೋನ್ ಉಲ್ಟಾ ಹಿಡಿದು ಗಡಗಡ ನಡುಗಿದರು. "ಅಯ್ಯೋ, ಇದರಾಗ ಯಾರೋ ಕುಂತಾರ!" ಎಂದು ಚೀರಿದರು. ಬೆವರಿಗೆ ಅವರ ಕೂದಲಿನ ಕಪ್ಪು ಬಣ್ಣ ಕೆನ್ನೆಗಿಳಿಯಿತು.

"ಭೇಷ್ ಯಪ್ಪಾ! ಎಲ್ಲಾ ವಿಡಿಯೋ ಹಿಡಿದೀನಿ," ಎಂದು ಶಿವಗಂಗವ್ವ ತನ್ನ ಫೋನ್ ತೋರಿಸಿದಳು. "ನನಗಿಂತ ನೀವ ಚಂದ ಮಾಡೀರಿ. ಅಂಗಡಿ ಮಾಲಕರಿಗೆ ಇದನ್ನ ಕಳಸ್ಲೇನು?"

ಸಾಹೇಬರು ಬೆಳ್ಳಗಾದರು. "ಬ್ಯಾಡವ್ವಾ! ಮುದುಕ ಆದೆ ಅಂತ ನನ್ನ ಮನೀಗೆ ಕಳಸ್ತಾರ! ಅಳಿಸಿಬಿಡು!"

"ಅಳಸ್ತಿದ್ದೆ ಯಪ್ಪಾ. ಆದ್ರ ಮುದುಕರಿಗೆ ಏನೂ ತಿಳಿಯಂಗಿಲ್ಲಲ್ಲ!"

ಸಾಹೇಬರು ಜಾಹೀರಾತನ್ನೇ ಬದಲಿಸಿದರು. ಅದರಲ್ಲಿ ಕೊನೆಗೆ ಶಿವಗಂಗವ್ವ ನಗುತ್ತ ಭಜನೆಯನ್ನು ಫೋನಿನಲ್ಲಿ ಹಿಡಿಯುತ್ತಿದ್ದಳು. ಅವಳ ಕೆಲಸವೂ ಉಳಿಯಿತು.

ಕೇಳಿದ ನಿಮ್ಮೆಲ್ಲರ ಅಂಜಿಕೆಯನ್ನೂ ಆ ತಾಯಿ ಕಳೆಯಲಿ. ನಿಮ್ಮ ಮುಪ್ಪು ತಲೆ ಎತ್ತಿಕೊಂಡೇ ಬರಲಿ.