ಐದು ವಾದ್ಯಗಳ ಜಾಗ

“ಗುರುಗಳೇ, ಒಬ್ಬರೇ ನಿಂತು ಐದು ವಾದ್ಯ ನುಡಿಸುವುದನ್ನು ಕಲಿಸುವಾಗ ಮೊದಲ ಪಾಠ ಯಾವುದಿರಬೇಕು?” ಎಂದು ಧರಣೇಂದ್ರ ಕೇಳಿದ. ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಅವನಿಗೆ ಅಧ್ಯಾಪಕನ ಕೆಲಸ ಸಿಕ್ಕಿತ್ತು. ನಾಳೆಯೇ ಮೊದಲ ತರಗತಿ. ಸಂತೋಷಕ್ಕೆ ಅವನ ಬೆರಳುಗಳು ಮೊಣಕಾಲಿನ ಮೇಲೆ ತಾಳ ಹಾಕುತ್ತಲೇ ಇದ್ದವು.

ಗುರುಗಳು ಹೇಳಿದರು:

ಒಬ್ಬ ಮೇಷ್ಟರಿದ್ದರು. ಎತ್ತರದ ಆಳು. ಚಂಡೆ, ಡೋಲು, ತಮಟೆ, ಜಾಗಟೆ, ಕಂಚಿನ ತಟ್ಟೆ, ಐದನ್ನೂ ಸುತ್ತ ಇಟ್ಟುಕೊಂಡು ನಡುವೆ ನಿಂತು ನುಡಿಸಿದರೆ ಐವರು ಕೂಡಿ ನುಡಿಸಿದಂತೆ ಕೇಳುತ್ತಿತ್ತು. ತರಗತಿಯಲ್ಲಿ ಯಾವ ವಾದ್ಯ ಎಲ್ಲಿರಬೇಕೆಂದು ಅವರೇ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದ್ದರು. ಅದನ್ನು ಯಾರೂ ಕದಲಿಸುವಂತಿರಲಿಲ್ಲ.

ಅವರ ಬಳಿ ಒಬ್ಬ ವಿದ್ಯಾರ್ಥಿನಿ ಇದ್ದಳು. ಗಿಡ್ಡ ಹುಡುಗಿ. ಡೋಲಿನಿಂದ ಜಾಗಟೆಗೆ ಹೋಗುವಷ್ಟರಲ್ಲಿ ಅವಳ ಪೆಟ್ಟು ತಡವಾಗುತ್ತಿತ್ತು. ಮೇಷ್ಟರು ಒಂದು ವರ್ಷ ತಿದ್ದಿದರು, ಗದರಿದರು. ಕೊನೆಗೆ, ನಿನಗೆ ಲಯ ಒಲಿದಿಲ್ಲ, ಬೇರೆ ವಿಷಯ ತೆಗೆದುಕೋ ಎಂದುಬಿಟ್ಟರು. ಅವಳು ವಿಭಾಗ ಬಿಡಲು ಅರ್ಜಿ ಬರೆದಳು.

ಮರುದಿನ ಬೆಳಿಗ್ಗೆ ಮೇಷ್ಟರು ಬೇಗ ಬಂದರು. ಮಹಡಿಯ ಮೇಲಿನ ತಮ್ಮ ತರಗತಿಯಿಂದ ವಾದ್ಯಗಳ ಸದ್ದು ಕೇಳಿಸಿತು. ಪೆಟ್ಟಿನ ಹಿಂದೆ ಪೆಟ್ಟು, ಎಲ್ಲೂ ತಡವರಿಕೆಯಿಲ್ಲ. ಯಾರೋ ದೊಡ್ಡ ವಾದಕರು ಬಂದಿರಬೇಕು ಎಂದುಕೊಂಡು ಅವರು ಓಡುತ್ತಲೇ ಮೆಟ್ಟಿಲು ಹತ್ತಿದರು. ನೋಡಿದರೆ ಅದೇ ಹುಡುಗಿ. ಬಿಟ್ಟುಹೋಗುವ ಮುನ್ನ ಒಮ್ಮೆ ಮನಸಾರೆ ನುಡಿಸಲು ಬಂದಿದ್ದಳು. ಇನ್ನು ಬೈಯುವವರು ಯಾರು ಎಂದು ಐದೂ ವಾದ್ಯಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಎತ್ತರದಲ್ಲಿ ತೂಗುಹಾಕಿದ್ದ ಜಾಗಟೆಯನ್ನು ಎದೆಮಟ್ಟಕ್ಕೆ ಇಳಿಸಿಕೊಂಡಿದ್ದಳು. ಕೋಲು ಎತ್ತಿದ ಕಡೆ ವಾದ್ಯ ಇತ್ತು. ಅವಳು ನುಡಿಸುತ್ತ ನಗುತ್ತಿದ್ದಳು.

ಅವರನ್ನು ಕಂಡದ್ದೇ ಅವಳು ನಿಲ್ಲಿಸಿದಳು. ತಪ್ಪಾಯಿತು ಸರ್, ಎಲ್ಲವನ್ನೂ ಮೊದಲಿನ ಹಾಗೇ ಇಡುತ್ತೇನೆ ಎಂದು ಜಾಗಟೆಗೆ ಕೈಹಾಕಿದಳು.

“ಮುಟ್ಟಬೇಡ. ಇನ್ನೊಮ್ಮೆ ನುಡಿಸಮ್ಮ,” ಎಂದರು ಮೇಷ್ಟರು.

ಅವಳು ನುಡಿಸಿದಳು. ಅವರು ಬಾಗಿಲಲ್ಲೇ ನಿಂತು ಕೊನೆಯವರೆಗೆ ತಾಳ ಹಾಕಿದರು. ಆಮೇಲೆ ಅರ್ಜಿಯನ್ನು ಕೇಳಿ ಇಸಿದುಕೊಂಡು ಹರಿದರು. ಒದ್ದೆ ಬಟ್ಟೆ ತಂದು, ಮಂಡಿಯೂರಿ, ನೆಲದ ಗುರುತುಗಳನ್ನು ತಾವೇ ಒರೆಸಿದರು.

ಧರಣೇಂದ್ರನಿಗೆ ತಡೆಯಲಾಗಲಿಲ್ಲ. “ಹಾಗಾದರೆ ಆ ಒಂದು ವರ್ಷ ಅವರು ಅವಳಿಗೆ ಕಲಿಸಿದ್ದಾದರೂ ಏನು?”

“ತಮ್ಮ ತೋಳು ಎಷ್ಟು ಉದ್ದ ಎಂಬುದನ್ನು,” ಎಂದರು ಗುರುಗಳು.