ಗೆದ್ದಲು ಹತ್ತಿದ ಮೇಜು

ಗ್ರಂಥಾಲಯದ ಒಂದೇ ಮೇಜಿನ ಮೇಲೆ ಮೂರು ಕಂಪ್ಯೂಟರುಗಳಿದ್ದವು. ಮೂರರ ಆಪರೇಟಿಂಗ್ ಸಿಸ್ಟಮ್ಮೂ ಬೇರೆ ಬೇರೆ. ಒಂದು ದಿನ ಮೇಜು, "ಸ್ವಾಮೀ, ನನ್ನ ಕಾಲಿಗೆ ಗೆದ್ದಲು ಹತ್ತಿದೆ, ಏನಾದರೂ ಮಾಡಿ" ಎಂದಿತು. ವಿಷಯ ಗಂಭೀರವಾದದ್ದರಿಂದ ಮೂರೂ ವಿಡಿಯೋ ಸಭೆ ಕರೆದವು.

"ನನ್ನ ಆ್ಯಪ್‌ಗೆ ಬನ್ನಿ" ಎಂದಿತು ಮೊದಲನೆಯದು.

"ಅದು ನನ್ನಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ. ನೀವೇ ನನ್ನದಕ್ಕೆ ಬನ್ನಿ" ಎಂದಿತು ಎರಡನೆಯದು.

ಮೂರನೆಯದು ಎರಡಕ್ಕೂ ತನ್ನದೇ ಲಿಂಕ್ ಕಳಿಸಿ ಕಾಯುತ್ತ ಕೂತಿತು.

ನಾಲ್ಕನೆಯ ದಿನ ಹೇಗೋ ಮೂರೂ ಒಂದೇ ಆ್ಯಪ್‌ನಲ್ಲಿ ಸೇರಿ, "ನನ್ನ ದನಿ ಕೇಳಿಸುತ್ತಿದೆಯೇ?" ಎಂದು ಪರಸ್ಪರ ಕೇಳತೊಡಗಿದವು. ಅಷ್ಟರಲ್ಲಿ ಮೇಜಿನ ಕಾಲು ಮುರಿದು ಎಲ್ಲವೂ ನೆಲಕ್ಕೆ ಬಿದ್ದವು.

"ನಿಮ್ಮ ಮೂವರ ದನಿಯೂ ನನಗೆ ಮೊದಲ ದಿನದಿಂದಲೇ ಕೇಳಿಸುತ್ತಿತ್ತು" ಎಂದಿತು ಮೇಜು.