ಎಲ್ಲವೂ ಇದ್ದ ತೊಟ್ಟಿ

ಮೀನು ಸಾಕಿ ಗೊತ್ತಿಲ್ಲದವನೊಬ್ಬ ಹೊಸ ಗಾಜಿನ ತೊಟ್ಟಿ ಕೊಂಡು, ಉಪ್ಪುನೀರು ತುಂಬಿ, ಅದೇ ಸಂಜೆ ಅಂಗಡಿಯಿಂದ ಸಮುದ್ರದ ಮೀನೊಂದನ್ನು ತಂದು, ನೀರು ತುಂಬಿದ ಪ್ಲಾಸ್ಟಿಕ್ ಚೀಲದ ಸಮೇತ ಅದರಲ್ಲಿ ತೇಲಿಬಿಟ್ಟ.

"ಬಾ ಒಳಗೆ," ಎಂದಿತು ತೊಟ್ಟಿ. "ದೀಪ, ಪಂಪು, ಫಿಲ್ಟರು ಎಲ್ಲವೂ ನನ್ನಲ್ಲೇ ಇವೆ. ಸಮುದ್ರಕ್ಕಿಂತ ನಾನೇನು ಕಮ್ಮಿ?"

ಚೀಲದೊಳಗಿನ ಮೀನು ಕೇಳಿತು: "ನಿನ್ನೊಳಗಿನ ಕಲ್ಲಿಗೆ ಪಾಚಿಯಾದರೂ ಹಿಡಿದಿದೆಯೇ?"

"ಛೀ, ಪಾಚಿಯೇ? ನಾನು ಶುಭ್ರ."

"ಹಾಗಾದರೆ ನಿನ್ನಲ್ಲಿರುವುದು ಬರೀ ಸಾಮಾನು, ಮಾರಾಯ. ಪಾಚಿ ಹಿಡಿದಿಲ್ಲವೆಂದರೆ ನೀರಿನ್ನೂ ಹದವಾಗಿಲ್ಲ; ಅದಕ್ಕೆ ಇಳಿದರೆ ನಾನು ಸಾಯುತ್ತೇನೆ," ಎಂದು ಮೀನು ಚೀಲದಲ್ಲೇ ಸತ್ತಂತೆ ಹೊಟ್ಟೆ ಮೇಲಾಗಿ ತೇಲಿತು.

"ಅಂಗಡಿಯವನು ಸತ್ತ ಮೀನು ಕೊಟ್ಟು ಮೋಸ ಮಾಡಿದ!" ಎಂದು ಯಜಮಾನ ಚೀಲ ಹಿಡಿದು ಅಂಗಡಿಗೆ ಓಡಿದ. ಅಲ್ಲಿನ ಪಾಚಿಗಟ್ಟಿದ ಹಳೆಯ ತೊಟ್ಟಿಗೆ ಬಿದ್ದದ್ದೇ ಮೀನು ಈಜತೊಡಗಿತು.

ಇತ್ತ ಮನೆಯಲ್ಲಿ ಹೊಸ ತೊಟ್ಟಿ ಪಕ್ಕದ ಟಿ.ವಿ.ಗೆ ಹೇಳುತ್ತಿತ್ತು: "ನನ್ನೊಳಗೆ ಈವರೆಗೆ ಒಂದು ಮೀನೂ ಸತ್ತಿಲ್ಲ, ಗೊತ್ತೇ?"